24 ಕೋಟಿ ಐನೋಡ್ ನನಗ್ಯಾಕೆ ಬೇಕಿತ್ತು?

ತಿಪಟೂರಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ಫೋಟೋ, ವಿಡಿಯೋ. ಒಂದು ಮದುವೆಗೆ 150ರಿಂದ 200 ಜಿಬಿ ಆಗುತ್ತದೆ. ನೆಟ್‌ವರ್ಕ್ ಮೇಲೆ ಫೈಲ್ ಇಡುವ ನಾಸ್ ಪೆಟ್ಟಿಗೆಗೆ ಡಿಸ್ಕ್ ಸೇರಿಸಿ 65 ಸಾವಿರವೋ ಏನೋ ಹೇಳಿದ್ದರು. ಅಷ್ಟು ದುಡ್ಡು ಇರಲಿಲ್ಲ. 6 ಸಾವಿರಕ್ಕೆ ಹಳೇ ಡೆಸ್ಕ್‌ಟಾಪ್ ತಂದು ಲಿನಕ್ಸ್ ಹಾಕಿದೆ. 4 ಟಿಬಿ ಡಿಸ್ಕ್ ಆಗ ಒಂದಕ್ಕೆ ಸುಮಾರು 9 ಸಾವಿರ.

ಮೊದಲ ಡಿಸ್ಕನ್ನು ಎಕ್ಸ್‌ಟಿ4 ಅನ್ನೋ ಫೈಲ್‌ಸಿಸ್ಟಮ್‌ನಲ್ಲಿ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಸುಮ್ನೆ ಡಿಫಾಲ್ಟ್ ಆಗಿಯೇ ಫಾರ್ಮ್ಯಾಟ್ ಮಾಡಿದೆ. ಏನೂ ಕಾಪಿ ಮಾಡದಿದ್ದರೂ ರಾತ್ರಿಯೆಲ್ಲಾ ಡಿಸ್ಕ್ ಗರಗರ ಅನ್ನುತ್ತಿತ್ತು. ಹೋಯ್ತು ಅಂದುಕೊಂಡು ಅಂಗಡಿಗೆ ವಾಪಸ್ ಒಯ್ದೆ. ಅವರು ಚೆಕ್ ಮಾಡಿ ನಕ್ಕರು. ಆಮೇಲೆ ಡಿಸ್ಕಿಗೆ ಯಾವುದು ಕೆಲಸ ಕೊಡುತ್ತಿದೆ ಅಂತ ತೋರಿಸುವ ಐಯೋಟಾಪ್‌ನಲ್ಲಿ ನೋಡಿದರೆ ಲೇಜಿ ಇನಿಟ್, ಅಂದರೆ ಫಾರ್ಮ್ಯಾಟಿನ ಬಾಕಿ ಕೆಲಸ, ಓಡುತ್ತಿದೆ. ಐನೋಡ್ ಟೇಬಲ್ಲಿಗೆ ಸೊನ್ನೆ ಬರೆಯುತ್ತಾ ಕೂತಿದೆ. ಐನೋಡ್ ಅಂದರೆ ಫೈಲಿನ ವಿವರ ಇಡುವ ಚೀಟಿ, ಫೈಲಿಗೊಂದು ಬೇಕು.

ಅಲ್ಲಿಂದಲೇ ನನ್ನ ಲೆಕ್ಕ ಶುರುವಾಯಿತು. ಡಿಫಾಲ್ಟಲ್ಲಿ 16 ಕೆಬಿಗೆ ಒಂದು ಐನೋಡ್. 4 ಟಿಬಿಗೆ ಹತ್ತಿರ ಹತ್ತಿರ 24 ಕೋಟಿ. ಒಂದೊಂದು 256 ಬೈಟ್. ಅಂದರೆ 60 ಜಿಬಿ ಬರೀ ಟೇಬಲ್ಲಿಗೇ! ಮೇಲೆ ರೂಟ್‌ಗೆ (ಸಿಸ್ಟಮ್ಮಿನ ಯಜಮಾನ ಖಾತೆ) ಅಂತ ಶೇಕಡಾ 5 ರಿಸರ್ವ್, ಅದೊಂದು 200 ಜಿಬಿ. ಒಂದು ಡಿಸ್ಕಿಗೆ ಒಂದೂವರೆ ಮದುವೆ ಹೋಯ್ತಲ್ಲ.

ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಭಾವನಿಗೆ ಹೇಳಿದೆ. "ದೊಡ್ಡವರು ಯೋಚನೆ ಮಾಡಿಯೇ ಡಿಫಾಲ್ಟ್ ಇಟ್ಟಿರ್ತಾರೆ ಕಣೋ, ನೀನು ಕೈ ಹಾಕಬೇಡ" ಅಂದರು. ನಾನು ಹಾಕಿದೆ. ಜಾಸ್ತಿಯೇ ಹಾಕಿದೆ.

ಲಾರ್ಜ್‌ಫೈಲ್4 ಅಂತ ಒಂದು ಬಗೆ ಇದೆಯಲ್ಲ, 4 ಎಂಬಿಗೆ ಒಂದು ಐನೋಡ್. ಎಲ್ಲಾ ಡಿಸ್ಕಿಗೂ ಅದನ್ನೇ ಕೊಟ್ಟೆ. ವಿಡಿಯೋ ಡಿಸ್ಕ್‌ಗಳು ಹಾಯಾಗಿದ್ದವು. ಫೋಟೋಗಳ ಸಣ್ಣ ಪ್ರತಿ ಇಡುವ ಪ್ರಿವ್ಯೂ ಡಿಸ್ಕ್ ಕೈ ಕೊಟ್ಟಿತು. ಮದುವೆಗೆ 5 ಸಾವಿರ ಫೋಟೋ, ಒಂದೊಂದಕ್ಕೆ ನಾಲ್ಕು ಸೈಜ್, ಒಟ್ಟು 20 ಸಾವಿರ ಚಿಲ್ಲರೆ ಫೈಲ್. 47 ಮದುವೆಯೋ 48ನೆಯದೋ, ಜಾಗ ಇಲ್ಲ ಅಂದಿತು. ನೋಡಿದರೆ ಮೂರು ಟಿಬಿಗಿಂತ ಜಾಸ್ತಿ ಖಾಲಿ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡಿಗೆ ಮೈನಸ್ ಐ ಕೊಟ್ಟೆ, ಐನೋಡ್ ಲೆಕ್ಕ ತೋರಿಸು ಅಂತ. ಒಂಬತ್ತೂವರೆ ಲಕ್ಷ ಐನೋಡ್, ನೂರಕ್ಕೆ ನೂರು ಮುಗಿದಿತ್ತು. ರಿಸರ್ವ್ ಆದರೆ ಟ್ಯೂನ್‌2ಎಫ್‌ಎಸ್ ಕಮಾಂಡಿನಲ್ಲಿ ಯಾವಾಗ ಬೇಕಾದರೂ ಬದಲಾಯಿಸಬಹುದು. ಐನೋಡ್ ಲೆಕ್ಕ ಹಾಗಲ್ಲ. ಎಲ್ಲಾ ಹೊರಗೆ ಸುರಿದು ಮತ್ತೆ ಫಾರ್ಮ್ಯಾಟ್. ಆ ಪುಡಿ ಫೈಲ್‌ಗಳ ಕಾಪಿಗೇ ಒಂದು ರಾತ್ರಿ ಪೂರ್ತಿ ಹೋಯಿತು. ಭಾವನಿಗೆ ಹೇಳಲಿಲ್ಲ.

ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಮ್ ಆಗಿದ್ದರೆ ಐನೋಡ್ ತಲೆನೋವೇ ಇಲ್ಲ, ಬೇಕಾದ ಹಾಗೆ ಹುಟ್ಟಿಸಿಕೊಳ್ಳುತ್ತದೆ. ಅದನ್ನೂ ಒಂದು ತಿಂಗಳು ಓಡಿಸಿದೆ. ಆದರೆ ಪಾರ್ಟಿಷನ್ ಚಿಕ್ಕದು ಮಾಡಲು ಹೋದರೆ ಅದರಲ್ಲಿ ಬರುವುದಿಲ್ಲ. ನನಗೆ ಅದು ಬೇಕು. ವಾಪಸ್ ಬಂದೆ.

ಇನ್ನೊಂದು ಹುಚ್ಚು. ಸ್ಪೀಡ್ ಸಿಗುತ್ತದೆ ಅಂತ ಬ್ಯಾರಿಯರ್ (ಡಿಸ್ಕಿಗೆ ಬರೆಯುವ ಕ್ರಮ ತಪ್ಪದಂತೆ ಕಾಯುವ ಏರ್ಪಾಡು) ಸೊನ್ನೆ ಮಾಡಿ ಡಿಸ್ಕನ್ನು ಮೌಂಟ್ ಮಾಡಿದೆ, ಅಂದರೆ ಬಳಕೆಗೆ ಜೋಡಿಸಿದೆ. ಸ್ವಲ್ಪ ಸಿಕ್ಕಿತು ಕೂಡಾ. ಮೂರನೇ ವಾರ ಕಾಪಿ ನಡೆಯುವಾಗಲೇ ಕರೆಂಟ್ ಹೋಯಿತು. ಫೈಲ್‌ಸಿಸ್ಟಮ್ ಚೆಕ್ ಮಾಡಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಮುಗಿದಾಗ ಒಂದು ಇಡೀ ರಿಸೆಪ್ಷನ್ ದಿಕ್ಕು ತಪ್ಪಿದ ಫೈಲ್ ಹಾಕುವ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರಿನಲ್ಲಿ ಬಿದ್ದಿತ್ತು. ಹೆಸರಿಲ್ಲ, ಬರೀ ನಂಬರ್. ಫೋಟೋ ಒಳಗೇ ಕ್ಯಾಮೆರಾ ಬರೆದಿಡುವ ಎಕ್ಸಿಫ್ ತಾರೀಕು, ಹೊತ್ತು ನೋಡಿ ಎರಡು ದಿನ ಜೋಡಿಸಿದೆ. ಮಾರನೇ ದಿನವೇ ಮೂರೂವರೆ ಸಾವಿರ ಕೊಟ್ಟು ಯುಪಿಎಸ್ ತಂದೆ. ಬ್ಯಾರಿಯರ್ ಮತ್ತೆ ಮುಟ್ಟಿಲ್ಲ.

ಈಗ ವಿಡಿಯೋ ಡಿಸ್ಕಿಗೆ ಬರೀ ಲಾರ್ಜ್‌ಫೈಲ್, 1 ಎಂಬಿಗೆ ಒಂದು. ಟೇಬಲ್ಲಿಗೆ 1 ಜಿಬಿ ಹೋದರೆ ಹೆಚ್ಚು. ರಿಸರ್ವ್ ಸೊನ್ನೆ, ನೋಏಟೈಮ್ (ಫೈಲ್ ಓದಿದ ಹೊತ್ತು ಬರೆದಿಡಬೇಡ ಅಂತ). ಸಿಸ್ಟಮ್ ಡಿಸ್ಕಿನ ರಿಸರ್ವ್ ಮಾತ್ರ ಹಾಗೇ ಬಿಟ್ಟಿದ್ದೇನೆ. ಯಾವುದನ್ನೂ ಕುತ್ತಿಗೆ ಮಟ್ಟ ತುಂಬಿಸುವುದಿಲ್ಲ. ಪ್ರಿವ್ಯೂ ಡಿಸ್ಕಿಗೆ ಯಾವ ಅಂಕಿ ಕೊಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ನಿಮ್ಮ ಫೈಲಿನ ಸರಾಸರಿ ನೀವೇ ಹಾಕಿ ನೋಡಿ, ಸಿಗುತ್ತದೆ. ಆರು ಡಿಸ್ಕಿನಲ್ಲಿ ಒಂದೂವರೆ ಟಿಬಿ ಹತ್ತಿರ ಉಳಿಯಿತು. ಎರಡು ವರ್ಷದ ಮೇಲಾಯಿತು, ಒಂದು ಫೈಲ್ ಹೋಗಿಲ್ಲ.

ಮೊನ್ನೆ ಹಬ್ಬಕ್ಕೆ ಬಂದಾಗ ಭಾವ 8 ಟಿಬಿ ಡಿಸ್ಕ್ ತಂದಿದ್ದರು. "ನಿನ್ನ ಥರಾನೇ ಫಾರ್ಮ್ಯಾಟ್ ಮಾಡಿಕೊಡೋ" ಅಂದರು. ಏನು ತುಂಬಿಸ್ತೀರಾ ಭಾವ ಅಂದೆ. ಅವರಿಗೇ ಗೊತ್ತಿಲ್ಲ. ರಿಸರ್ವ್ ತೆಗೆದು, ಉಳಿದದ್ದು ಡಿಫಾಲ್ಟಲ್ಲೇ ಮಾಡಿ ಕೊಟ್ಟೆ. ರಾತ್ರಿ ಗರಗರ ಅಂದರೆ ಹೆದರಬೇಡಿ ಅಂತಲೂ ಹೇಳಿದೆ.