ಟಿವಿ ಚಾನೆಲ್ಲಿಗೆ ಚರ್ಚಿನಿಂದ ದೂರು ಬರೆಯುವುದು ಹೇಗೆ

ನಮ್ಮ ಚರ್ಚಿನ ಪಾಲನಾ ಮಂಡಳಿಯಲ್ಲಿ ಮಾಧ್ಯಮದ ಫೈಲು ಇರುವುದು ನನ್ನ ಹತ್ತಿರ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಿಯಾದವಳು ನಾನು. ಸಿಟ್ಟಿನಲ್ಲಿ ಗೀಚಿದ ಅರ್ಜಿ ಎಲ್ಲಿ ಸೇರುತ್ತದೆ, ತಾರೀಕು-ಸಹಿ ಸರಿ ಇರುವ ಅರ್ಜಿ ಎಲ್ಲಿ ಸೇರುತ್ತದೆ ಎಂದು ಚೆನ್ನಾಗಿ ಗೊತ್ತು. ಅಕ್ಕಪಕ್ಕದ ಚರ್ಚಿನವರು ಆಗಾಗ ಫೋನ್ ಮಾಡಿ "ಹೇಗೆ ಬರೆಯೋದು ಆಂಟಿ?" ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾವಾಗ ಬರೆಯಬೇಕು ಎಂಬುದು. ಹೆಚ್ಚಿನ ಚರ್ಚುಗಳು ಬಾಯಿ ಬಿಡುವುದು ಶಿಲುಬೆ, ಫಾದರ್, ಮತಾಂತರ ಇಂಥ ಸುದ್ದಿ ಬಂದಾಗ ಮಾತ್ರ. ಚಾನೆಲ್ಲಿನವರು "ಇವರದ್ದು ಇದ್ದದ್ದೇ" ಎಂದು ಬದಿಗಿಡುತ್ತಾರೆ. ಅದರಲ್ಲಿ ಅವರ ತಪ್ಪು ಜಾಸ್ತಿ ಇಲ್ಲ. ನಮ್ಮ ಮೈಮೇಲೆ ಬಂದಾಗ ಮಾತ್ರ ಮಾತಾಡಿದರೆ ಅದು ಮಾಧ್ಯಮದ ಗುಣಮಟ್ಟದ ಮಾತಲ್ಲ, ನಮ್ಮ ಮಾನದ ಮಾತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದದ್ದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್. ಅವರು ಪ್ರೊಟೆಸ್ಟೆಂಟ್, ನಾವು ಕ್ಯಾಥೊಲಿಕ್, ಇರಲಿ. ಆದರೆ ಆ ಪತ್ರಿಕೆ ಚರ್ಚಿನ ಸುದ್ದಿಗಷ್ಟೇ ಹುಟ್ಟಿದ್ದಲ್ಲ, ಊರಿಗೆ ಸಮಾಚಾರ ಹೇಳುವುದಕ್ಕೆ ಹುಟ್ಟಿದ್ದು. ಹಾಗಾಗಿ ನಮ್ಮ ಫೈಲಿನ ಮೊದಲ ದೂರು ಕ್ರೈಸ್ತರ ಬಗ್ಗೆ ಅಲ್ಲ. ದೋಣಿ ಮಗುಚಿ ತೀರಿಕೊಂಡ ಒಬ್ಬ ಮೊಗವೀರ ಹುಡುಗನ ತಾಯಿಯ ಬಗ್ಗೆ.

ಬರೆಯುವ ಮೊದಲು ಆ ಮನೆಯವರನ್ನು ಕೇಳಿ. ಇದನ್ನು ಮರೆತರೆ ನಾವೂ ಆ ವರದಿಗಾರನೂ ಒಂದೇ. ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು, ಅಂದರೆ ಮುಖಂಡರು, ಮತ್ತು ಆ ಮನೆಯ ಹತ್ತಿರದ ಒಬ್ಬ ಹೆಂಗಸು ಹೋಗಿ ಕೇಳಿ ಬಂದರು. "ಹೆಸರು ಹಾಕಬೇಡಿ, ಬರೆಯಿರಿ" ಎಂದರು ಮನೆಯವರು. ಹೆಸರು ಹಾಕಲಿಲ್ಲ.

ಆಮೇಲೆ ಕಾರ್ಯಕ್ರಮವನ್ನು ಪೂರ್ತಿ ನೋಡಿ. ವಾಟ್ಸಾಪಿನಲ್ಲಿ ಬಂದ 30 ಸೆಕೆಂಡಿನ ತುಣುಕು ನೋಡಿ ಯಾರೂ ಸಹಿ ಹಾಕಬಾರದು. ಎಷ್ಟೋ ಸಲ ಹಿಂದೆ ಮುಂದೆ ನೋಡಿದರೆ ಮಾತಿನ ಅರ್ಥವೇ ಬೇರೆ ಇರುತ್ತದೆ. ಚಾನೆಲ್ಲಿನ ಯೂಟ್ಯೂಬ್ ಪುಟದಲ್ಲಿ ಪೂರ್ತಿ ವಿಡಿಯೊ ಸಿಕ್ಕಿದರೆ ತಕ್ಷಣ ಇಳಿಸಿಟ್ಟುಕೊಳ್ಳಿ, ದೂರು ಹೋದ ಮೇಲೆ ಅದು ಅಲ್ಲಿ ಇರುತ್ತದೆ ಎಂಬ ಭರವಸೆ ಇಲ್ಲ. ತಾರೀಕು, ಗಂಟೆ-ನಿಮಿಷ, ಕಾರ್ಯಕ್ರಮದ ಹೆಸರು, ಆಡಿದ ಮಾತು, ಪರದೆಯ ಕೆಳಗೆ ಓಡಿದ ಅಕ್ಷರ, ಎಲ್ಲ ಇದ್ದ ಹಾಗೇ ಬರೆದಿಡಿ. ಈ ಕೆಲಸ ನಮ್ಮಲ್ಲಿ ಯುವಕ ಸಂಘದ ಹುಡುಗರದ್ದು. ಅವರು ನನಗಿಂತ ಚುರುಕು.

ಈಗ ಪತ್ರ. ನಮ್ಮಲ್ಲಿ ಒಬ್ಬರು ಬರೆದು ತಂದ ಮೊದಲ ಸಾಲು ಹೀಗಿತ್ತು: "ನಿಮ್ಮ ವಾಹಿನಿಯ ಕೀಳು ಅಭಿರುಚಿಯ ಪ್ರಸಾರದಿಂದ ಸಮಸ್ತ ಜನತೆಯ ಭಾವನೆಗಳಿಗೆ ತೀವ್ರ ಧಕ್ಕೆಯಾಗಿದ್ದು, ಇದನ್ನು ಉಗ್ರವಾಗಿ ಖಂಡಿಸುತ್ತೇವೆ." ಇದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ, ಯಾಕೆಂದರೆ ಏನಾಯಿತು ಎಂದೇ ಇದರಲ್ಲಿ ಇಲ್ಲ. ಕೊನೆಗೆ ಹೋದದ್ದು ಇದು:

"ಮಂಗಳವಾರ ರಾತ್ರಿ 8.12ಕ್ಕೆ, ಮಗನ ಶವ ಮನೆಗೆ ಬರುವ ಮೊದಲೇ, ನಿಮ್ಮ ವರದಿಗಾರರು ತಾಯಿಯ ಮುಖಕ್ಕೆ ಮೈಕ್ ಹಿಡಿದು 'ಈಗ ನಿಮಗೆ ಹೇಗನ್ನಿಸ್ತಿದೆ' ಎಂದು ಕೇಳಿದ್ದಾರೆ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡ ಮೇಲೂ ಕ್ಯಾಮೆರಾ ಸರಿದಿಲ್ಲ. 9 ಗಂಟೆಯ ಸುದ್ದಿಯಲ್ಲಿ ಅದೇ ದೃಶ್ಯಕ್ಕೆ ಸಂಗೀತ ಸೇರಿಸಿ ಮತ್ತೆ ತೋರಿಸಿದ್ದೀರಿ. ತುಣುಕನ್ನು ಯೂಟ್ಯೂಬಿನಿಂದ ತೆಗೆಯಿರಿ. ಆ ಮನೆಯವರ ಕ್ಷಮೆ ಕೇಳಿ."

ಏನಾಯಿತು, ಏನು ಮಾಡಬೇಕು, ಅಷ್ಟೇ. ಬೈಬಲ್ ವಾಕ್ಯ ಬೇಡ. ಸಹಿ ಪಾಲನಾ ಮಂಡಳಿಯ ಉಪಾಧ್ಯಕ್ಷರದ್ದೂ ಕಾರ್ಯದರ್ಶಿಯದ್ದೂ ಇರಲಿ. ಫಾದರ್ ಒಬ್ಬರ ಸಹಿ ಇದ್ದರೆ ಅದು ಅವರ ಸ್ವಂತ ಜಗಳ ಆಗಿಬಿಡುತ್ತದೆ, ಮೇಲಾಗಿ ಅವರಿಗೆ ವರ್ಗವೂ ಆಗುತ್ತದೆ.

ಕಳಿಸುವುದು ಎಲ್ಲಿಗೆ? ಮೊದಲು ಚಾನೆಲ್ಲಿಗೇ. 2021ರಲ್ಲಿ ಕೇಬಲ್ ಟೆಲಿವಿಷನ್ ನಿಯಮಗಳಿಗೆ ತಿದ್ದುಪಡಿ ಬಂದ ಮೇಲೆ ಪ್ರತಿ ಚಾನೆಲ್ಲಿಗೂ ದೂರು ಕೇಳುವ ಅಧಿಕಾರಿ ಇರಲೇಬೇಕು. ಅವರು 24 ಗಂಟೆಯಲ್ಲಿ ದೂರು ಮುಟ್ಟಿದೆ ಎನ್ನಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಹೇಳದಿದ್ದರೆ, ಅಥವಾ ಹೇಳಿದ್ದು ಸರಿ ಕಾಣದಿದ್ದರೆ, ಮುಂದಿನ 15 ದಿನದೊಳಗೆ ಆ ಚಾನೆಲ್ ಯಾವ ಸ್ವಯಂ ನಿಯಂತ್ರಣ ಸಂಸ್ಥೆಗೆ (ಚಾನೆಲ್ಲುಗಳೇ ಸೇರಿ ಮಾಡಿಕೊಂಡದ್ದು) ಸೇರಿದೆಯೋ ಅಲ್ಲಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ಕೇಂದ್ರ ಸರಕಾರದ ಸಮಿತಿ ಇದೆ. ಸುದ್ದಿ ಚಾನೆಲ್ಲುಗಳಲ್ಲಿ ಹಲವು ಎನ್‌ಬಿಡಿಎಸ್‌ಎ ಎಂಬ ಇಂಥ ಒಂದು ಸ್ವಯಂ ನಿಯಂತ್ರಣ ಸಂಸ್ಥೆಯ ಕೆಳಗೆ ಬರುತ್ತವೆ. ಅಲ್ಲಿಗೆ ಹೋಗಬೇಕಾದರೆ ಪ್ರಸಾರವಾದ 7 ದಿನದೊಳಗೆ ಚಾನೆಲ್ಲಿಗೆ ದೂರು ಕೊಟ್ಟಿರಬೇಕು. ಅಂದರೆ ಮುಂದಿನ ತಿಂಗಳ ಪಾಲನಾ ಮಂಡಳಿ ಸಭೆಯವರೆಗೆ ಕಾದರೆ ಕೆಟ್ಟಿರಿ. ಹೀಗೆ ಬರೆಯಲು ಮೂರು-ನಾಲ್ಕು ಜನರಿಗೆ ಮೊದಲೇ ಒಪ್ಪಿಗೆ ಕೊಟ್ಟಿಡಿ.

ಪತ್ರದಲ್ಲಿ ನಿಯಮದ ಹೆಸರು ಹೇಳಿದರೆ ಭಾರ ಬೇರೆ. ಕೇಬಲ್ ನಿಯಮ 6ರಲ್ಲಿ ಧರ್ಮ ಮತ್ತು ಸಮುದಾಯಗಳ ಮೇಲಿನ ದಾಳಿ, ಸುಳ್ಳು, ಅರೆಸತ್ಯ ಎಲ್ಲದಕ್ಕೂ ನಿಷೇಧ ಇದೆ. ಎನ್‌ಬಿಡಿಎಸ್‌ಎ ಸಂಹಿತೆಯಲ್ಲಿ ಖಾಸಗಿತನ, ಅಪರಾಧ ಸುದ್ದಿ, ಮೂಢನಂಬಿಕೆ ಇವೆಲ್ಲ ಬೇರೆಬೇರೆಯಾಗಿ ಇವೆ.

"ಇದರಿಂದ ಏನಾಗ್ತದೆ?" ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. 2020ರಲ್ಲಿ ಕೊರೊನಾ ಸಮಯದ ತಬ್ಲೀಘಿ ಜಮಾತ್ ಎಂಬ ಮುಸ್ಲಿಂ ಸಂಘಟನೆಯ ಬಗೆಗಿನ ವರದಿಗಳ ಮೇಲೆ ಬೆಂಗಳೂರಿನ ಒಂದು ನಾಗರಿಕ ಗುಂಪು ದೂರು ಕೊಟ್ಟಿತು. ಮುಂದಿನ ವರ್ಷ ಎರಡು ಕನ್ನಡ ಚಾನೆಲ್ಲುಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ಚಾನೆಲ್ಲಿಗೆ ಅದು ಚಿಲ್ಲರೆ ದುಡ್ಡು, ಒಪ್ಪುತ್ತೇನೆ. ಆದರೆ ತಪ್ಪು ಎಂದು ಕಾಗದದ ಮೇಲೆ ಬಂತಲ್ಲ. ಆ ದೂರು ಯಾವ ಚರ್ಚಿನಿಂದಲೂ ಹೋದದ್ದಲ್ಲ ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ. ನಮ್ಮ ದೂರಿಗೆ ಚಾನೆಲ್ ಸುಮ್ನೆ ತುಣುಕು ತೆಗೆಯಿತು, ಕ್ಷಮೆ ಕೇಳಲಿಲ್ಲ.

ಪತ್ರಿಕೆಯ ವಿಷಯವಾದರೆ ದಾರಿ ಬೇರೆ. ಮೊದಲು ಸಂಪಾದಕರಿಗೆ ಬರೆಯಿರಿ. ಆಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆಯಾದರೆ ಅಚ್ಚಾಗಿ 2 ತಿಂಗಳೊಳಗೆ ದೂರು ಹೋಗಬೇಕು. ಕನ್ನಡ ತುಣುಕಿಗೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಕೋರ್ಟಿನಲ್ಲಿ ಈ ವಿಷಯ ಇಲ್ಲ ಎಂಬ ಘೋಷಣೆಯೂ ಬೇಕು. ಮಂಡಳಿಗೆ ಎಚ್ಚರಿಕೆ, ಛೀಮಾರಿ ಬಿಟ್ಟು ಬೇರೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ.

ಭಾನುವಾರದ ಪ್ರವಚನದಲ್ಲಿ ಚಾನೆಲ್ಲಿನ ಹೆಸರು ಹಿಡಿದು ಬಯ್ಯುವುದು ಬೇಡ. ಫಾದರ್ ಹೇಳಲೇಬೇಕು ಎಂದಿದ್ದರೆ ಪೋಪ್ ಫ್ರಾನ್ಸಿಸ್ 2018ರಲ್ಲಿ ಸುಳ್ಳು ಸುದ್ದಿಯ ಬಗ್ಗೆ ಕೊಟ್ಟ ಸಂದೇಶ ಓದಲಿ. ಚುನಾವಣೆ ಹತ್ತಿರ ಇದ್ದಾಗ ಇನ್ನೂ ಜಾಗ್ರತೆ. ಒಳ್ಳೆಯ ವರದಿ ಬಂದರೆ ಆ ವರದಿಗಾರರಿಗೆ ಎರಡು ಸಾಲು ಬರೆಯಿರಿ. ಅವರಿಗೆ ಅದು ಬರುವುದೇ ಅಪರೂಪ.

ಇನ್ನು ನಮ್ಮ ಮನೆಯ ಮಾತು. ಬೆಳಿಗ್ಗೆ ಟಿವಿಯಲ್ಲಿ ಬರುವ ಜ್ಯೋತಿಷ್ಯದ ಮೇಲೆ ದೂರು ಬರೆಯೋಣ ಎಂದು ಒಬ್ಬರು ಸಭೆಯಲ್ಲಿ ಎದ್ದು ನಿಂತರು. ನಾನು ಕೇಳಿದೆ, ದುಡ್ಡು ಕೊಟ್ಟು ಸಮಯ ತಗೊಂಡು ಕ್ಯಾನ್ಸರ್ ವಾಸಿ ಮಾಡ್ತೇವೆ ಎನ್ನುವ ಕ್ರೈಸ್ತ ಬೋಧಕರ ಕಾರ್ಯಕ್ರಮ? ಅದರ ಮೇಲೂ ಬರೆಯುತ್ತೀರಾ? ಸ್ವಲ್ಪ ಹೊತ್ತು ಗಲಾಟೆ ಆಯಿತು. ಎರಡರ ಮೇಲೂ ಬರೆಯುವುದು ಎಂದು ತೀರ್ಮಾನವಾಯಿತು.

ನಮ್ಮ ಚರ್ಚಿನ ವಾಟ್ಸಾಪ್ ಗುಂಪಿಗೂ ಅದೇ ನಿಯಮ. ಸುದ್ದಿ ಫಾರ್ವರ್ಡ್ ಮಾಡಿದವರನ್ನು ಅಡ್ಮಿನ್ "ಎಲ್ಲಿಂದ ಬಂತು?" ಎಂದು ಕೇಳುತ್ತಾರೆ. ಉತ್ತರ ಇಲ್ಲದಿದ್ದರೆ ಡಿಲೀಟ್. ಇದಕ್ಕೆ ಮುನಿಸಿಕೊಂಡು ಗುಂಪು ಬಿಟ್ಟವರಲ್ಲಿ ನನ್ನ ನಾದಿನಿಯೂ ಒಬ್ಬಳು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕೊಡಲು ಹೋದಾಗ ಮತ್ತೆ ಸೇರಿಸಿ ಬಂದೆ.