ಮೂಗಿನ ನಳಿಕೆಯಲ್ಲಿ ಹಾಲು: ಹೃದಯದ ಆಪರೇಷನ್ ಆಗುವವರೆಗೆ ಮನೆಯಲ್ಲಿ

ಹೃದಯದ ಗೋಡೆಯಲ್ಲಿ ದೊಡ್ಡ ರಂಧ್ರವಿರುವ ಕೂಸಿಗೆ ಹಾಲು ಕುಡಿಯುವುದೇ ದೊಡ್ಡ ದುಡಿಮೆ. ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ನುಗ್ಗಿ ಉಸಿರು ಬಿರುಸಾಗುತ್ತದೆ. ನಾಲ್ಕು ಗುಟುಕು ಎಳೆಯುವಷ್ಟರಲ್ಲಿ ಹಣೆ ಬೆವರಿ ಮಗು ನಿದ್ದೆಗೆ ಜಾರುತ್ತದೆ. ಕುಡಿದದ್ದೆಲ್ಲ ಕುಡಿಯುವ ಶ್ರಮಕ್ಕೇ ಖರ್ಚಾಗಿ ತೂಕ ನಿಂತುಬಿಡುತ್ತದೆ. ಜಯದೇವ ಇರಲಿ, ವೈಟ್‌ಫೀಲ್ಡಿನ ಸತ್ಯಸಾಯಿ ಇರಲಿ, ಆಪರೇಷನ್‌ಗೆ ಮುಂಚೆ ವಾರಗಟ್ಟಲೆ ಮನೆಯಲ್ಲೇ ಕಾಯಬೇಕಾಗಬಹುದು. ಆಗ ಡಾಕ್ಟರು ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿಸಿದರೆ ಅಳುಕಬೇಡಿ. ಅದು ಮಗುವಿನ ಶಕ್ತಿ ಉಳಿಸುವ ದಾರಿ. ಆದರೆ ವಾರ್ಡಿನಲ್ಲಿ ಸಿಸ್ಟರ್ ನೋಡುತ್ತಿರುವಾಗಲೇ ಅಪ್ಪ, ಅಮ್ಮ ಇಬ್ಬರೂ ಹಲವು ಸಲ ಹಾಲು ಕೊಟ್ಟು ಕೈ ಪಳಗಿಸಿಕೊಳ್ಳದೆ ಮನೆಗೆ ಹೊರಡಬೇಡಿ.

ಹಾಲು ಬಿಡುವುದು ಸುಲಭ. ಟ್ಯೂಬಿನ ತುದಿ ಹೊಟ್ಟೆಯಲ್ಲೇ ಇದೆಯೇ ಎಂದು ತಿಳಿಯುವುದೇ ನಿಜವಾದ ಕೆಲಸ. ತುದಿ ಶ್ವಾಸನಾಳಕ್ಕೆ ಹೊರಳಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮ ಮಗುವಿಗೆ ಟ್ಯೂಬ್ ಹಾಕಿದ ದಿನವೇ ಮೂಗಿನ ಹೊಳ್ಳೆಯ ಬಳಿ ಎಷ್ಟು ಸೆಂಟಿಮೀಟರ್ ಗುರುತಿದೆ ಎಂದು ಬರೆದು ಗೋಡೆಗೆ ಅಂಟಿಸಿದೆವು. ಪ್ರತಿ ಸಲ ಮೊದಲು ನೋಡುವುದು ಆ ಅಂಕಿಯನ್ನೇ. ಆಮೇಲೆ 5 ಎಂಎಲ್ ಸಿರಿಂಜಿನಲ್ಲಿ ಮೆಲ್ಲಗೆ ಎಳೆದರೆ ಸ್ವಲ್ಪ ದ್ರವ ಬರಬೇಕು. ಅದರ ಒಂದು ಹನಿಯನ್ನು ಹೊಟ್ಟೆಯ ಆಮ್ಲ ಅಳೆಯುವ ಪಿಎಚ್ ಪಟ್ಟಿಯ ಮೇಲೆ ಬಿಟ್ಟರೆ 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ನೀಲಿ ಲಿಟ್ಮಸ್ ಕೆಂಪಾದರೆ ಸಾಲದು, ಆಮ್ಲ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪಿಟ್ಟು ಕೇಳುವ ರೂಢಿ ಇನ್ನೂ ಇದೆ. ಅದನ್ನು ನಂಬಬೇಡಿ, ತುದಿ ಶ್ವಾಸಕೋಶದಲ್ಲಿದ್ದರೂ ಗುಳುಗುಳು ಸದ್ದು ಕೇಳಬಹುದು. ದ್ರವ ಬಾರದಿದ್ದರೆ ಮಗುವನ್ನು ಎಡಮಗ್ಗುಲಿಗೆ ಮಲಗಿಸಿ ಕಾಲು ಗಂಟೆ ಬಿಟ್ಟು ಮತ್ತೆ ಎಳೆಯಿರಿ. ಆಗಲೂ ಸಂಶಯವಿದ್ದರೆ ಒಂದು ಹನಿ ಹಾಲೂ ಬೇಡ, ವಾರ್ಡಿಗೆ ಫೋನ್ ಮಾಡಿ. ಆಮ್ಲ ತಗ್ಗಿಸುವ ಔಷಧಿ ನಡೆಯುತ್ತಿದ್ದರೆ ಅಂಕಿ ಏರುಪೇರಾಗುತ್ತದೆ, ಎಷ್ಟರವರೆಗೆ ಒಪ್ಪಬಹುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಲೆಕ್ಕ ಹೀಗೆ: 4 ಕೆಜಿ ಮಗುವಿಗೆ ದಿನಕ್ಕೆ ಕೆಜಿಗೆ 150 ಎಂಎಲ್ ಎಂದಿದ್ದರೆ 600 ಎಂಎಲ್, ಮೂರು ಗಂಟೆಗೊಮ್ಮೆ, ಎಂಟು ಸಲ, ತಲಾ 75. ಹೃದಯದ ತೊಂದರೆಯಲ್ಲಿ ನೀರಿನಂಶ ಕಡಿಮೆ ಮಾಡಿ ಹಾಲನ್ನೇ ಗಟ್ಟಿ ಮಾಡಿಸುವುದೂ ಉಂಟು. ಅಳತೆ ಡಾಕ್ಟರದೇ ಆಗಿರಲಿ. ಪಿಸ್ಟನ್ ತೆಗೆದ ಸಿರಿಂಜಿಗೆ ಹಾಲು ಸುರಿದು ಮಗುವಿನ ಹೊಟ್ಟೆಯಿಂದ ಒಂದು ಗೇಣು ಮೇಲೆ ಹಿಡಿದರೆ ತಾನಾಗಿ ಇಳಿಯುತ್ತದೆ. ವೇಗ ಹೆಚ್ಚಾದರೆ ಕೈ ತಗ್ಗಿಸಿ. 20ರಿಂದ 30 ನಿಮಿಷ ಹಿಡಿಯಲಿ. ಬೇಗ ಮುಗಿಸಲು ಪಿಸ್ಟನ್ನಿನಿಂದ ತಳ್ಳಿದರೆ ವಾಂತಿಯಾಗಬಹುದು. ತಲೆ ಎತ್ತರದಲ್ಲಿರಲಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ. ಕೆಮ್ಮು, ತುಟಿ ನೀಲಿಯಾಗುವುದು, ಉಸಿರು ಕಟ್ಟಿದಂತಾಗುವುದು, ಯಾವುದು ಕಂಡರೂ ತಕ್ಷಣ ಟ್ಯೂಬ್ ಮಡಚಿ ಹಾಲು ನಿಲ್ಲಿಸಿ. ನೀಲಿ ಬಣ್ಣ ತಿಳಿಯಾಗದಿದ್ದರೆ 108. ಕೊನೆಗೆ ಹೇಳಿದಷ್ಟೇ ಕಾಯಿಸಿ ಆರಿಸಿದ ನೀರು ಬಿಡಿ, ಇಲ್ಲದಿದ್ದರೆ ಹಾಲು ಒಳಗೇ ಕಟ್ಟಿಕೊಳ್ಳುತ್ತದೆ. ಬಾಯಿಂದ ಕೊಡಲು ಅನುಮತಿ ಇದ್ದರೆ ಮೊದಲು ಒಳಲೆಯಲ್ಲಿ ಒಂದಿಷ್ಟು ಕುಡಿಸಿ, ಉಳಿದದ್ದು ಟ್ಯೂಬಿಗೆ. ರುಚಿ ಮರೆತ ಮಗುವಿಗೆ ಆಪರೇಷನ್ ಆದಮೇಲೆ ಕುಡಿಯಲು ಕಲಿಸುವುದು ಕಷ್ಟ.

ಔಷಧಿಯಲ್ಲಿ ಎಂಜಿ ಬೇರೆ, ಎಂಎಲ್ ಬೇರೆ. ಮಾತ್ರೆ ಅರೆದು ನೀರಿನಲ್ಲಿ ಕದಡಿ ಕೊಡಲು ಹೇಳಿದ್ದರೆ ಎಷ್ಟು ನೀರಿಗೆ, ಅದರಲ್ಲಿ ಎಷ್ಟು ಎಂದು ಬರೆಸಿಕೊಳ್ಳಿ. 1 ಎಂಎಲ್ ಸಿರಿಂಜಿನಲ್ಲಿ ಆ ಗೆರೆಗೆ ಪೆನ್ನಿನಿಂದ ಗುರುತು ಹಾಕಿಸಿಕೊಂಡರೆ ನಡುರಾತ್ರಿ ನಿದ್ದೆಗಣ್ಣಿನಲ್ಲಿ 0.3ರ ಬದಲು 3 ಆಗುವುದಿಲ್ಲ. ಪುಡಿ ನುಣ್ಣಗಿಲ್ಲದಿದ್ದರೆ ಟ್ಯೂಬ್ ಕಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಿಂದ ಮೆಲ್ಲಗೆ ಆಡಿಸಿ, ಬಲ ಹಾಕಬೇಡಿ.

ಇನ್ನು ಟೇಪು. ಅಜ್ಜಿ ಎಣ್ಣೆ ಹಚ್ಚಿ ನೀರು ಹಾಕಿದ ಕೆನ್ನೆಯ ಮೇಲೆ ಮೈಕ್ರೋಪೋರ್ ನಿಲ್ಲುವುದೇ ಇಲ್ಲ. ದೃಷ್ಟಿಬೊಟ್ಟಿನ ಕಾಡಿಗೆಯೂ ಅಷ್ಟೇ. ಎಣ್ಣೆ ಮೈಗೆ ಮಾತ್ರ, ಬೊಟ್ಟು ಅಂಗಾಲಿಗೆ ಎಂದು ನಮ್ಮಲ್ಲಿ ಒಪ್ಪಂದವಾಯಿತು. ಸಾಂಬ್ರಾಣಿ ಹೊಗೆ ಮಾತ್ರ ಖಡಾಖಂಡಿತವಾಗಿ ಬೇಡ, ಏದುಸಿರಿನ ಮಗುವಿಗೆ ಅದು ವಿಷ. ಚರ್ಮಕ್ಕೆ ಮೊದಲು ಹೈಡ್ರೋಕೊಲಾಯ್ಡ್ (ಚರ್ಮ ಕಾಯುವ ಮೆದು ಅಂಟುಪಟ್ಟಿ) ತುಂಡು, ಅದರ ಮೇಲೆ ಟ್ಯೂಬ್, ಅದರ ಮೇಲೆ ಟೇಪು: ಹೀಗೆ ಹಾಕಿದರೆ ಕೆನ್ನೆ ಸುಲಿಯುವುದಿಲ್ಲ. ಉಳಿದ ಉದ್ದವನ್ನು ಬೆನ್ನಿನ ಕಡೆ ಅಂಗಿಗೆ ಸಿಕ್ಕಿಸಿ, ಪುಟ್ಟ ಬೆರಳಿಗೆ ಸಿಗದು, ಕುತ್ತಿಗೆಗೂ ಸುತ್ತಿಕೊಳ್ಳದು.

ಆಸ್ಪತ್ರೆಗೆ ಹೊರಡುವ ದಿನ ಹಾಲು ಕೊಟ್ಟು ಒಂದು ಗಂಟೆಯಾದ ಮೇಲೆ ಆಟೋ ಹತ್ತಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೂ ಮುಂದಿನ ಸರದಿಗೆ ಸಮಯವಿರುತ್ತದೆ. ಚೀಲದಲ್ಲಿ ಅದೇ ಅಳತೆಯ ಹೊಸ ಟ್ಯೂಬ್, ಟೇಪು, ಎರಡು ಸಿರಿಂಜು, ಪಿಎಚ್ ಪಟ್ಟಿ ಇರಲಿ. ದಾರಿಯಲ್ಲಿ ಟ್ಯೂಬ್ ಅರ್ಧ ಈಚೆ ಬಂದರೆ ಒಳಗೆ ತಳ್ಳಬೇಡಿ. ಟೇಪು ಬಿಡಿಸಿ ಪೂರ್ತಿ ಹೊರಗೆಳೆದು, ಆಸ್ಪತ್ರೆ ತಲುಪಿದ ಕೂಡಲೇ ಮೊದಲು ಅದನ್ನು ಹೇಳಿ.