ಮಳೆ ಬಂದಾಗ ಮನೆ ನೋಡಬೇಕು

ನಾನು ಮಂಗಳೂರಿನ ಆರ್ಕಿಟೆಕ್ಚರ್ ಕಾಲೇಜೊಂದರಲ್ಲಿ ಮೇಷ್ಟ್ರು. ಹಳೆ ಕಟ್ಟಡ ಉಳಿಸುವ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷ ದಾಟಿತು. ಶುರು ಮಾಡಿದ್ದು ಮಾತ್ರ ಒಂದು ಮನೆ ಹಾಳು ಮಾಡುವುದರಿಂದ.

ಮೂಲ್ಕಿ ಕಡೆಯ ಗುತ್ತಿನ ಮನೆ ಅದು, ಅಂದರೆ ತುಳುನಾಡಿನ ಹಳೆ ಜಮೀನ್ದಾರಿ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮೇಲೆ ಸುಣ್ಣದ ಗಾರೆ. ಬುಡದಲ್ಲಿ ಎರಡಡಿವರೆಗೆ ಗಾರೆ ಉದುರಿತ್ತು. ನಾನು ಆಗಷ್ಟೇ ಎಂ.ಆರ್ಕ್ ಮುಗಿಸಿ ಬಂದಿದ್ದೆ. ಉದುರಿದ್ದನ್ನೆಲ್ಲ ಕೆರೆಸಿ ಸಿಮೆಂಟ್ ಬಳಿಸಿದೆ. ಏಪ್ರಿಲ್‌ನಲ್ಲಿ ಫೋಟೋ ತೆಗೆದಾಗ ಮನೆ ಮದುಮಗಳ ಹಾಗೆ ಇತ್ತು. ಎರಡು ಮಳೆಗಾಲ ಕಳೆಯಿತು. ಸಿಮೆಂಟ್ ಗಟ್ಟಿಯಾಗಿಯೇ ಇತ್ತು, ಅದರ ಹಿಂದಿನ ಕಲ್ಲು ಹುಡಿಯಾಗಿತ್ತು. ಎರಡಡಿ ಇದ್ದ ಒದ್ದೆ ಐದಡಿಗೆ ಏರಿತ್ತು. ಒಳಗಿನ ಹಲಸಿನ ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಗೆದ್ದಲು ಬೇರೆ.

ಮನೆಯವರು ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದರು. ಅವರು ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಗೋಡೆಗೂ ಬೆವರು ಬರ್ತದೆ. ನೀವು ಅದಕ್ಕೆ ರೈನ್‌ಕೋಟ್ ಹಾಕಿದ್ದೀರಿ."

ಎರಡು ವರ್ಷದ ಕೋರ್ಸಿನಲ್ಲಿ ನನ್ನ ತಲೆಗೆ ಹೋಗದ್ದು ಆ ಒಂದು ಮಾತಿಗೆ ಹೋಯಿತು. ಮುರಕಲ್ಲಿನ ತುಂಬ ಸಣ್ಣ ಸಣ್ಣ ತೂತು. ನೆಲದ ನೀರನ್ನು ಅದು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಏರಿದ ನೀರು ಎಲ್ಲಾದರೂ ಹೊರಗೆ ಹೋಗಲೇಬೇಕು ಅಲ್ವಾ? ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಆಗ ನೀರು ಇನ್ನೂ ಮೇಲೆ ಹತ್ತುತ್ತದೆ. ಜೊತೆಗೆ ಬಂದ ಉಪ್ಪು ಕಲ್ಲಿನೊಳಗೇ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಗಾರೆ ಉದುರಿದ್ದು ರೋಗವಲ್ಲ. ಕಲ್ಲಿನ ಬದಲು ಗಾರೆ ಸಾಯುತ್ತಿತ್ತು, ಅಷ್ಟೆ. ಸಾಯಲಿಕ್ಕೆಂದೇ ಅದನ್ನು ಬಳಿದದ್ದು.

ಮುಂದಿನ ಮೂರು ಬೇಸಿಗೆ ರಜೆ ಆ ಮೇಸ್ತ್ರಿಯ ಹಿಂದೆ ಓಡಾಡಿದೆ. ನಮ್ಮಲ್ಲಿ ಹೊಳೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಈಗ ಅಂಥ ಗೂಡು ಹುಡುಕಿಕೊಂಡು ಹೋಗಬೇಕು. ಸುಟ್ಟ ಚಿಪ್ಪಿಗೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುತ್ತದೆ, ಹತ್ತಿರ ಮುಖ ಒಯ್ಯಬಾರದು. ಅರಳಿದ ಸುಣ್ಣವನ್ನು ಸೋಸಿ, ನೀರಿನಡಿ ವಾರಗಟ್ಟಲೆ ಬಿಡಬೇಕು. ಬೆಣ್ಣೆಯ ಹಾಗೆ ಆಗುವವರೆಗೆ ಅವರು ಕರಣೆ ಮುಟ್ಟುತ್ತಿರಲಿಲ್ಲ. ಗಾರೆಗೆ ಬೆಲ್ಲದ ನೀರು ಎಷ್ಟು ಎಂದು ಕೇಳಿದರೆ ಅಳತೆ ಹೇಳುತ್ತಿರಲಿಲ್ಲ, "ನೋಡಿ" ಅನ್ನುತ್ತಿದ್ದರು. ನೋಡಿದೆ, ಬರೆದುಕೊಂಡೆ, ಕೈಯಾರೆ ಕಲಸಿ ನಾಲ್ಕು ಸಲ ಕೆಡಿಸಿದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಅವಸರ ಆಗದು. ಬಿಸಿಲಿಗೆ ಬೇಗ ಒಣಗಿದರೆ ಬಿರುಕು. ಗೋಣಿ ಕಟ್ಟಿ ನೀರು ಚಿಮುಕಿಸುತ್ತಾ ಇರಬೇಕು. ಹಾಗಾಗಿ ನಮ್ಮ ಗಾರೆ ಕೆಲಸವೆಲ್ಲ ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರಿನಿಂದ ಮಾರ್ಚ್ ಒಳಗೆ.

ಅವತ್ತಿನಿಂದ ಕಟ್ಟಡದ ಮೊದಲ ಸರ್ವೆ ಜುಲೈಯಲ್ಲೇ ಮಾಡುತ್ತೇನೆ. ವಿದ್ಯಾರ್ಥಿಗಳು ಗೊಣಗುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿದು, ಬೇಸಿಗೆಯಲ್ಲಿ ಹೋದರೆ ಮನೆ ನಿಜ ಹೇಳುವುದಿಲ್ಲ. ಮಾಡಿನ (ಛಾವಣಿಯ) ನೀರು ಎಲ್ಲಿ ಬೀಳುತ್ತದೆ, ಅಂಗಳದಿಂದ ಎಲ್ಲಿಗೆ ಹರಿಯುತ್ತದೆ, ಮಾಡಿನ ಇಳಿಜಾರು ಹೊರುವ ಯಾವ ಪಕ್ಕಾಸಿನ ತುದಿ ಕಪ್ಪಾಗಿದೆ, ಇಷ್ಟು ಬರೆದುಕೊಂಡು ಬನ್ನಿ ಎನ್ನುತ್ತೇನೆ. ಚಂದದ ಡ್ರಾಯಿಂಗ್ ಆಮೇಲೆ.

ಹಂಚಿನ ವಿಷಯ ಒಂದು ಹೇಳಬೇಕು. ತುಂಬ ಮನೆಯವರು "ನಮ್ಮದು 1865ರ ಮನೆ, ಹಂಚಿನಲ್ಲೇ ಬರೆದಿದೆ" ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದ ವರ್ಷ ಅದು. ಎಷ್ಟೋ ವರ್ಷದ ಮೇಲೆ ಒತ್ತಿದ ಹಂಚಿನಲ್ಲೂ ಅದೇ ವರ್ಷ ಇರುತ್ತದೆ. ನಾನೂ ಒಂದು ಪ್ರಬಂಧದಲ್ಲಿ ಹಾಗೆ ಬರೆದು ನಗೆಪಾಟಲಾದವನೇ. ಮನೆಯ ವಯಸ್ಸು ಬೇಕಾದರೆ ಪಾಲುಪಟ್ಟಿ ನೋಡಿ, ಮರದ ಕೀಲು ನೋಡಿ.

ಪಾಲುಪಟ್ಟಿ ಎಂದಾಗ ನೆನಪಾಯಿತು. ಇಲ್ಲಿ ಮನೆ ಬೀಳುವುದು ಮಳೆಗಿಂತ ಜಾಸ್ತಿ ಪಾಲಿನಿಂದ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ದೊಡ್ಡ ಕುಟುಂಬ, ಸಹಿ ಹಾಕಬೇಕಾದವರು ಹದಿನಾಲ್ಕು ಜನ, ಅರ್ಧ ಮುಂಬೈಯಲ್ಲಿ, ಇಬ್ಬರು ದುಬೈಯಲ್ಲಿ. ಹಂಚು ಕೈಯಾಡಿಸುವ ಖರ್ಚು ಯಾರದು ಎಂದು ತೀರ್ಮಾನ ಆಗುವುದರೊಳಗೆ ಮಾಡು ಕೂತಿರುತ್ತದೆ. ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕೇಂದ್ರ ಕಾಯ್ದೆ ಘೋಷಿತ ಸ್ಮಾರಕಗಳಿಗೆ ಮಾತ್ರ, ಇಂಥ ಮನೆಗಳನ್ನು ಕೇಳುವವರಿಲ್ಲ. ನನ್ನ ಕೆಲಸದ ಅರ್ಧ ಪಾಲು ಚಾವಡಿಯಲ್ಲಿ ಕೂತು ಚಹಾ ಕುಡಿದದ್ದೇ. ಅದಕ್ಕೆ ಬಡ್ತಿಯ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಪ್ರಬಂಧಕ್ಕೆ ಅಂಕ ಇತ್ತು, ನಿಂತ ಗೋಡೆಗೆ ಸೊನ್ನೆ. ಪ್ರೊಫೆಸರ್ ಆಗುವುದು ತಡವಾಯಿತು. ಬೇಸರ ಇಲ್ಲ ಅಂದರೆ ಸುಳ್ಳಾಗುತ್ತದೆ.

ಪ್ರತಿ ವರ್ಷ ಮಕ್ಕಳನ್ನು ಎರಡು ಕಡೆ ಕರೆದೊಯ್ಯುತ್ತೇನೆ. ಒಂದು, ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಮೊಸ್ಕೆನಿ 1899ರಲ್ಲಿ ಬಂದು ಚಿತ್ರ ತುಂಬಿಸಿದ ಗೋಡೆಗಳು, 1990ರ ದಶಕದಲ್ಲಿ ಪಾರಂಪರಿಕ ಕಟ್ಟಡ, ಕಲೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ದುರಸ್ತಿ ಮಾಡಿದರು. ಹಸಿ ಗಾರೆಯ ಮೇಲೆ ಬಣ್ಣ ಎಂದರೆ ಏನು ಅಂತ ಅಲ್ಲಿನ ಗೋಡೆ ನೋಡಿದರೆ ಸಾಕು. ಇನ್ನೊಂದು, ಮಣಿಪಾಲದ ಹೆರಿಟೇಜ್ ವಿಲೇಜ್. ವಿಜಯನಾಥ ಶೆಣೈಯವರು ಆರ್ಕಿಟೆಕ್ಟ್ ಅಲ್ಲ, ಬ್ಯಾಂಕಿನಲ್ಲಿದ್ದವರು. ಬಿದ್ದುಹೋಗುವ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಕಟ್ಟಡವನ್ನು ಅದರ ಜಾಗದಿಂದ ಬೇರ್ಪಡಿಸಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಎನ್ನುತ್ತದೆ ಹಳೆ ಕಟ್ಟಡ ಉಳಿಸುವವರ ಅಂತರರಾಷ್ಟ್ರೀಯ ನಿಯಮಪತ್ರ, 1964ರ ವೆನಿಸ್ ಸನ್ನದು. ಮೊದಲು ನಾನು ಆ ಸನ್ನದು ಹಿಡಿದು ಶೆಣೈಯವರ ಕೆಲಸವನ್ನು ಕ್ಲಾಸಿನಲ್ಲಿ ಟೀಕಿಸುತ್ತಿದ್ದೆ. ಹದಿನಾಲ್ಕು ಸಹಿಗಳ ಹಿಂದೆ ಓಡಿದ ಮೇಲೆ ನಿಲ್ಲಿಸಿದೆ. ಆದರೂ ತೆಂಗಿನ ತೋಟ, ದೈವದ ಗುಡಿ, ಬಾವಿ ಬಿಟ್ಟುಬಂದ ಮನೆಯ ಜಗಲಿಯಲ್ಲಿ ಕೂತಾಗ ಏನೋ ಒಂದು ಕಮ್ಮಿ ಅನಿಸುತ್ತದೆ.

ಮೂಲ್ಕಿಯ ಮನೆಯ ಸಿಮೆಂಟನ್ನು ನಾವೇ ಚಾಣದಲ್ಲಿ ಕೆತ್ತಿ ತೆಗೆದೆವು. ಹುಡಿಯಾದ ಕಲ್ಲು ಬಿಡಿಸಿ ಹೊಸದು ಕೂರಿಸಿದೆವು. ಹೊರಗಿನ ಚರಂಡಿ ಆಳ ಮಾಡಿ, ಮತ್ತೆ ಸುಣ್ಣ ಬಳಿದೆವು. ಮೇಸ್ತ್ರಿ ಈಗ ಇಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚಿನ ತುಳುನಾಡಿನ ದಿನ ಪತ್ತನಾಜೆ ಹತ್ತಿರ ಬಂದಾಗ ಮನೆಯವರು ಫೋನ್ ಮಾಡುತ್ತಾರೆ. ಬುಡದ ಗಾರೆ ಒಂದು ಗೇಣು ಉದುರಿದೆಯಂತೆ. "ಸರಿ, ಉದುರಲಿ, ಮಳೆ ಬಿಟ್ಟ ಮೇಲೆ ಬಳಿಯುವ" ಎನ್ನುತ್ತೇನೆ.